ಮಂಚೂರಿಯನ್‌ಗೂ ಕ್ಯಾಂಟನ್‌ಗೂ ಏನು ನಂಟು?



ಭಾನುವಾರ ಸಂಜೆ ವಸಂತ್ ಕುಂಜ್‌ನ ಡಿಡಿಎ ಫ್ಲ್ಯಾಟ್‌ಗಳಲ್ಲಿರುವ ನಮ್ಮವರು ಅಡುಗೆಮನೆಗೆ ರಜೆ ಕೊಟ್ಟರೆ ಆಗುವುದೇನು? ಕೆಳಗಿನ ಮಾರ್ಕೆಟ್‌ನಿಂದ ಚೌಮೀನ್ ಬರುತ್ತದೆ, ಜೊತೆಗೆ ಮಂಚೂರಿಯನ್. "ಇವತ್ತು ಚೈನೀಸ್ ತರಿಸಿದ್ವಿ" ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಚೀನಾದ್ದಲ್ಲ, ನಮ್ಮದೇ. ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅದನ್ನು ಮೊದಲು ಮಾಡಿದರು ಎನ್ನುವುದು ಪ್ರಸಿದ್ಧ ಕಥೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದರು, ಅಷ್ಟೇ. ಕೋಳಿಯಿಂದ ಹೂಕೋಸಿಗೆ ಇಳಿದ ಈ ತಿಂಡಿ ನಮ್ಮ ಊರೂರಿನ ತಳ್ಳುಗಾಡಿ ಹತ್ತಿತು. ಕೊನೆಗೆ 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು!

ಹಾಗಾದರೆ ಕ್ಯಾಂಟನ್ ಕಡೆಯ ಮನೆಯೂಟ ಈ ದೇಶದಲ್ಲಿ ಸಿಗುವುದೇ ಇಲ್ಲವೇ? ಅದನ್ನು ಹುಡುಕಿಕೊಂಡು ದೆಹಲಿಯಿಂದ ಒಂದು ರಾತ್ರಿ ರೈಲಿನಲ್ಲಿ ಕೂರಬೇಕು. ಕೋಲ್ಕತ್ತಾದ ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯಿಂದ ಸ್ವಲ್ಪ ನಡೆದರೆ ಟಿರೆಟ್ಟಾ ಬಜಾರ್. ಅಲ್ಲಿನ ಛಾತಾವಾಲಾ ಗಲ್ಲಿಯ ಟುಂಗ್ ನಾಮ್ ಹೆಸರು ಮಾಡಿದ್ದು ಇಂಥ ಊಟದಿಂದಲೇ. ಥಳುಕಿಲ್ಲದ ಸಣ್ಣ ಹೋಟೆಲು, ಮನೆಯವರದೇ ಅಡುಗೆ, ಜೇಬಿಗೆ ಭಾರವಾಗದ ಬಿಲ್ಲು.

ಅಲ್ಲೇ ಯಾಕೆ? ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಾಂಗ್ ಅಚೂ ಎಂಬಾತ ವಾರನ್ ಹೇಸ್ಟಿಂಗ್ಸ್‌ನಿಂದ ಜಮೀನು ಪಡೆದು ಬಜ್‌ಬಜ್ ಹತ್ತಿರ ಸಕ್ಕರೆ ಕಾರ್ಖಾನೆ ಹಾಕಿದ. ಆ ಊರಿಗೆ ಈಗಲೂ ಅಚಿಪುರ ಎಂದೇ ಹೆಸರು. ಆಮೇಲೆ ಜನ ಬರುತ್ತಲೇ ಹೋದರು. ಹಕ್ಕಾ ಮಂದಿ ಚರ್ಮ, ಚಪ್ಪಲಿ ಹಿಡಿದರು. ಕ್ಯಾಂಟನ್‌ನವರು ಹಡಗುಕಟ್ಟೆಯ ಬಡಗಿಗಳಾದರು. ದಿನವಿಡೀ ಉಳಿ ಹಿಡಿದವರಿಗೆ ಊರಿನ ಗಂಜಿ, ಬೇಯಿಸಿದ ಸೊಪ್ಪು, ಮೀನು ಬೇಕಿತ್ತು. ಗಂಜಿ ಎಂದೆನಲ್ಲ, ಇಂಗ್ಲಿಷರು ಚೀನೀ ಗಂಜಿಗೆ 'ಕಾಂಜಿ' ಎನ್ನುವುದು ನಮ್ಮ ದಕ್ಷಿಣದಿಂದ ಎರವಲು ಪಡೆದ ಮಾತು.

1962ರ ಯುದ್ಧ ಬಂತು. ಚೀನೀ ಮೂಲದ ಸುಮಾರು 3000 ಜನರನ್ನು ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಿದರು. ಅವರಲ್ಲಿ ಇಲ್ಲೇ ಹುಟ್ಟಿ ಬೆಳೆದವರೂ ಇದ್ದರು. ಹೊರಬಂದವರಲ್ಲಿ ಅನೇಕರು ದೇಶ ಬಿಟ್ಟರು. ಮುಂದಿನ ಪೀಳಿಗೆ ಟೊರಾಂಟೊ ದಾರಿ ಹಿಡಿಯಿತು. ದೊಡ್ಡ ಹೋಟೆಲಾದರೆ ಬೇರೆ ಬಾಣಸಿಗನನ್ನು ತಂದುಕೊಳ್ಳುತ್ತದೆ. ಮನೆಮಂದಿಯೇ ಒಲೆ ನೋಡಿಕೊಳ್ಳುವ ಜಾಗದಲ್ಲಿ ಮಕ್ಕಳು ವಿಮಾನ ಹತ್ತಿದರೆ ಒಲೆಯೂ ಆರಿತೆಂದೇ ಲೆಕ್ಕ. ಅದಕ್ಕೇ ಹೇಳುವುದು, ಹೋಗುವುದಿದ್ದರೆ ತಡ ಮಾಡಬೇಡಿ. ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಬಜಾರಿನ ರಸ್ತೆಯಲ್ಲಿ ಹಬೆಯಾಡುವ ಬಾವ್, ಮೀನುಂಡೆಯ ಸೂಪು ಸಿಗುತ್ತವೆ. ಒಂಬತ್ತಕ್ಕೆ ಎದ್ದು ಹೊರಟರೆ ಖಾಲಿ ಪಾತ್ರೆ ನೋಡಿ ಬರಬೇಕಾದೀತು.

ಅಷ್ಟು ದೂರ ಯಾರು ಹೋಗುತ್ತಾರೆ ಅನ್ನುವಿರಾ? ಮನೆಯಲ್ಲೇ ಮಾಡಿ ನೋಡಿ, ಸಾಮಾನು ನಿಮ್ಮ ಹತ್ತಿರವೇ ಇದೆ. ಚಿತ್ತರಂಜನ್ ಪಾರ್ಕ್ ಮಾರ್ಕೆಟ್‌ನಿಂದ ತಾಜಾ ಬೆಟ್ಕಿ ಮೀನು ತನ್ನಿ. ತುಂಡುಗಳನ್ನು ತಟ್ಟೆಯಲ್ಲಿ ಹರಡಿ, ಮೇಲೆ ಶುಂಠಿ ಎಳೆ ಹಾಕಿ, ಇಡ್ಲಿ ಪಾತ್ರೆಯಲ್ಲಿ ಎಂಟು-ಹತ್ತು ನಿಮಿಷ ಹಬೆ ಕೊಡಿ. ತಟ್ಟೆಯಲ್ಲಿ ಬಿಟ್ಟುಕೊಂಡ ನೀರು ಚೆಲ್ಲಿಬಿಡಿ, ಹಸಿವಾಸನೆ ಇರುವುದು ಅದರಲ್ಲೇ. ಹೆಚ್ಚಿದ ಈರುಳ್ಳಿ ಹೂ ಉದುರಿಸಿ, ಎರಡು ಚಮಚ ಸೋಯಾ ಸಾಸ್ ಹಾಕಿ. ಉಪ್ಪು ಬೇಡ, ಸಾಸ್‌ನಲ್ಲೇ ಇದೆ. ಕಡೆಗೆ ಹೊಗೆಯಾಡುವಷ್ಟು ಕಾಯಿಸಿದ ಎಣ್ಣೆ ಎರಡು ಚಮಚ, ಚುರ್ ಎನ್ನುವಂತೆ. ಮೀನು ತಿನ್ನದವರು ಮೆತ್ತನೆಯ ತೋಫುವಿಗೆ ಇದನ್ನೇ ಮಾಡಬಹುದು. ಕಾರ್ನ್‌ಫ್ಲೋರ್ ಡಬ್ಬಿ ಮಾತ್ರ ಕಪಾಟಿನಿಂದ ತೆಗೆಯಬೇಡಿ.