ನಡೆದು ಬಿರಿದ ಎಲುಬು

ಪಾದ ನೊಂದರೆ ಉಳುಕೆಂದು ಬಗೆದು, ಎಣ್ಣೆ ತಿಕ್ಕಿ, ಮತ್ತೆ ನಡೆಯತೊಡಗುವುದು ನಮ್ಮ ವಾಡಿಕೆ. ಆದರೆ ಎಡವದೆ, ಬೀಳದೆ ಎಲುಬು ಬಿರಿಯುವುದುಂಟು. 1855ರಲ್ಲಿ ಪ್ರಷ್ಯದ ದಂಡಿನ ವೈದ್ಯನಾದ ಬ್ರೈಟ್‌ಹೌಪ್ಟನು ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು ವರ್ಣಿಸಿದನು. ಅದಕ್ಕೆ ಎಲುಬಿನ ಬಿರುಕೇ ಕಾರಣವೆಂಬುದು ಕ್ಷ-ಕಿರಣಗಳು ಬಂದಮೇಲೆ, 1897ರಲ್ಲಿ, ತಿಳಿಯಿತು.

ಎಲುಬು ಜಡವಸ್ತುವಲ್ಲ, ಸವೆದುದನ್ನು ತಾನೇ ಕಟ್ಟಿಕೊಳ್ಳುತ್ತದೆ. ನಡಿಗೆಯನ್ನೋ ಓಟವನ್ನೋ ನಾವು ಒಮ್ಮೆಲೇ ಹೆಚ್ಚಿಸಿದರೆ ಸವೆತವು ಕಟ್ಟುವಿಕೆಯನ್ನು ಮೀರಿ ಬಿರುಕು ಮೂಡುತ್ತದೆ. ಕಾಲ್ಬೆರಳುಗಳ ಹಿಂದಿರುವ ಐದು ನೀಳವಾದ ಎಲುಬುಗಳಲ್ಲಿ ಎರಡನೆಯದೂ ಮೂರನೆಯದೂ ಇದಕ್ಕೆ ಹೆಚ್ಚಾಗಿ ತುತ್ತಾಗುತ್ತವೆ.

ಗುರುತುಗಳನ್ನು ನಾವು ಅರಿತಿರಬೇಕು. ನಡೆದಷ್ಟೂ ನೋವು ಏರುವುದು, ಕುಳಿತರೆ ಇಳಿಯುವುದು; ದಿನಕಳೆದಂತೆ ಸ್ವಲ್ಪ ನಡೆದರೂ ಮರಳುವುದು; ಬೆರಳ ತುದಿಯಿಂದ ಒತ್ತಿದರೆ ಎಲುಬಿನ ಒಂದೇ ಎಡೆಯಲ್ಲಿ ತೀವ್ರವಾಗುವುದು; ಪಾದದ ಮೇಲ್ಭಾಗ ಬಾತುಕೊಳ್ಳುವುದು. ಇವು ಕಂಡಲ್ಲಿ ನಡಿಗೆಯನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು. ಮೊದಲ 2-3 ವಾರ ಕ್ಷ-ಕಿರಣದ ಚಿತ್ರದಲ್ಲಿ ಬಿರುಕು ಕಾಣದಿರಬಹುದು, ಎಂ.ಆರ್.ಐ. ಪರೀಕ್ಷೆ ಅದನ್ನು ಮೊದಲೇ ತೋರಿಸಬಲ್ಲದು. ಆದುದರಿಂದ ಚಿತ್ರವು ನಿರ್ದೋಷವೆಂದು ನೋವನ್ನು ಅಲ್ಲಗಳೆಯಲಾಗದು. ವಿಶ್ರಾಂತಿಯಿತ್ತರೆ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಎಲುಬು ಕೂಡಿಕೊಳ್ಳುವುದು. ಹಟದಿಂದ ನಡೆದರೆ ಬಿರುಕು ಪೂರ್ಣ ಮುರಿತವಾದೀತು.