ಐದು ಪ್ರಶ್ನೆಯಲ್ಲಿ ಒಂದು ಬದುಕು

ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆ ಹುಳುವಿಗೆ ಹೊಟ್ಟೆ ತುಂಬುವುದೇ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಳು ಮನೆಗಳಲ್ಲಿ ಆ ಒಂದು ವಾರ ಸೊಪ್ಪು ಕೊಯ್ಯುವುದು, ಹಾಕುವುದು, ಮತ್ತೆ ಕೊಯ್ಯುವುದು. ಆ ಹೊತ್ತಿಗೆ ಸಮೀಕ್ಷೆಯವರು ಬಂದು ‘ಬದುಕು ತೃಪ್ತಿಯಾಗಿದೆಯೇ’ ಎಂದು ನೂರು ಪ್ರಶ್ನೆ ಹರಡಿ ಕೂತರೆ ಉತ್ತರಿಸಲು ಯಾರಿಗೆ ಪುರುಸೊತ್ತು?

ನೂರು ಎಂದದ್ದು ಬರೀ ಮಾತಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಪ್ರಶ್ನಾವಳಿಯಲ್ಲಿ ಮೊದಲಿದ್ದದ್ದು 100 ಪ್ರಶ್ನೆ. ಅದು 26ಕ್ಕೆ ಇಳಿಯಿತು, ಮುಂದೆ 8ಕ್ಕೆ. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ ಜೀವನ ತೃಪ್ತಿಯ ಮಾಪನದಲ್ಲಿ ಇರುವುದೇ ಐದು. ಒಟ್ಟು ಅಂಕ 5ರಿಂದ 35. 45 ದಾಟಿದವರನ್ನು ಕುರಿತ ‘ಲಾಸಿ’ ಸಮೀಕ್ಷೆ 2010ರಲ್ಲಿ ಪ್ರಾಯೋಗಿಕವಾಗಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017–18ರಲ್ಲಿ ದೇಶದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದಾಗ ತೃಪ್ತಿ ಅಳೆಯಲು ಬಳಸಿದ್ದು ಈ ಐದನ್ನೇ.

ಪಟ್ಟಿ ಚಿಕ್ಕದಾದಷ್ಟೂ ಒಂದೊಂದು ಪದದ ಮೇಲೂ ಭಾರ ಜಾಸ್ತಿ. ಗೌರಿಬಿದನೂರು, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಶಾಲೆಗೆ ಕನ್ನಡ, ಒಲೆಯ ಮುಂದೆ ತೆಲುಗು. ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳಲ್ಲಿ ಹಲವರ ಮನೆಮಾತು ಉರ್ದು. ಅಚ್ಚಾದ ‘ತೃಪ್ತಿ’ಯನ್ನು ಸಮೀಕ್ಷೆಯವರು ಹೊಸ್ತಿಲಲ್ಲೇ ನಿಂತು ತಮಗೆ ತೋಚಿದಂತೆ ತರ್ಜುಮೆ ಮಾಡುತ್ತಾರೆ. ಒಬ್ಬರ ಬಾಯಲ್ಲಿ ಅದು ನೆಮ್ಮದಿ, ಇನ್ನೊಬ್ಬರ ಬಾಯಲ್ಲಿ ಸುಖ. 26ರಲ್ಲಿ ಒಂದು ಹೀಗೆ ಜಾರಿದರೆ ನಡೆದೀತು. ಮೂರರಲ್ಲಿ ಒಂದು ಜಾರಿದರೆ ಉತ್ತರದ ಮೂರನೇ ಒಂದು ಪಾಲೇ ಹೋಯಿತು.

ಡೀನರ್ ಅವರ ಐದರ ಮಾಪನಕ್ಕೆ ಮೂರು ಪ್ರಶ್ನೆಯ ರೂಪವೂ ಇದೆ. 2021ರಲ್ಲಿ ಕ್ಯೆಲ್ ಮತ್ತು ಡೀನರ್ ಕೊನೆಯ ಎರಡನ್ನು ಬಿಟ್ಟು ಅದನ್ನು ಸಿದ್ಧಪಡಿಸಿದರು. ಬಿಟ್ಟುಹೋದ ಐದನೆಯದು, ಬದುಕನ್ನು ಮೊದಲಿನಿಂದ ಬಾಳುವಂತಿದ್ದರೆ ಏನನ್ನಾದರೂ ಬದಲಿಸುತ್ತಿದ್ದಿರಾ ಎಂದು ಕೇಳುವಂಥದ್ದು. ಉಳಿದವುಗಳ ಜೊತೆ ಅದು ಅಷ್ಟಾಗಿ ಹೊಂದುವುದಿಲ್ಲ, ನಿಜ. ಆದರೆ ಸಾವಿರ ಅಡಿ ಕೊರೆಸಿಯೂ ನೀರು ಕಾಣದೆ ಮೂರನೇ ಬೋರ್‌ವೆಲ್‌ಗೆ ಸಾಲ ಮಾಡಿದ ಚಿಕ್ಕಬಳ್ಳಾಪುರದ ರೈತ ಬಾಯಿ ಬಿಡುವುದು ಆ ಪ್ರಶ್ನೆಗೇ ಎಂದು ನನಗನಿಸುತ್ತದೆ. ಈ ಸೀಮೆಯಲ್ಲಿ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಮೊಟಕು ಮಾಡಿದ್ದನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಐದನ್ನೂ ಒಂದೇ ಸಲ ಕೇಳಿ, ಅದರಿಂದಲೇ ಮೂರನ್ನು ಆರಿಸಿ, ಎರಡೂ ಅಂಕ ಹೊಂದುತ್ತವೆ ಎಂದುಬಿಡುತ್ತಾರೆ. ಅವೇ ಉತ್ತರಗಳು ಎರಡೂ ಕಡೆ ಇರುವಾಗ ಹೊಂದದೆ ಏನು ಮಾಡೀತು? ಚಿಕ್ಕ ಪಟ್ಟಿಯನ್ನು ಬೇರೆಯಾಗಿ, ಬೇರೆ ದಿನ ಕೇಳಬೇಕು: ಸೊಪ್ಪು ಹಾಕುವ ವಾರದಲ್ಲೊಮ್ಮೆ, ಗೂಡು ಹರಾಜಾಗಿ ಹಣ ಕೈಗೆ ಬಂದ ಮೇಲೆ ಇನ್ನೊಮ್ಮೆ. ಎರಡರ ನಡುವೆ ಅಂಕ ನೆಗೆದಿದ್ದರೆ ಆ ಪಟ್ಟಿ ಅಳೆದದ್ದು ಅಂದಿನ ಗೂಡಿನ ದರವನ್ನೇ ಇರಬಹುದು.