ಕಥನಕ್ಕೆ ಜೀವ ತುಂಬುವ ಬಗೆ

‘ಮಳೆಗಾಲದ ಒಂದು ದಿನ’ ಎಂಬ ವಿಷಯವನ್ನು ಕೊಟ್ಟರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ‘ಭೂದೇವಿಯು ಹಸಿರು ಸೀರೆಯನ್ನುಟ್ಟು ಶೋಭಿಸುತ್ತಿದ್ದಳು’ ಎಂದೇ ತೊಡಗುತ್ತಾರೆ. ವಾಕ್ಯದಲ್ಲಿ ದೋಷವಿಲ್ಲ, ಆದರೆ ಅದು ಬರೆದವನ ಕಣ್ಣು ಕಂಡದ್ದಲ್ಲ, ಕಂಠಪಾಠದ್ದು.

ಒಮ್ಮೆ ಒಬ್ಬ ಹುಡುಗನು ಹೀಗೆ ಬರೆದಿದ್ದನು: ‘ಹೊಳೆಯಲ್ಲಿ ನೆರೆ ಬಂದಿತ್ತು. ದೋಣಿ ಇರಲಿಲ್ಲ. ನನಗೆ ಭಯವಾಯಿತು. ತಂದೆಯವರು ಬಂದು ಪ್ರೀತಿಯಿಂದ ಕರೆದೊಯ್ದರು.’ ನಾನು ಅವನನ್ನು ಬಳಿಗೆ ಕರೆದು, “ನೆರೆಯೆಂದು ನಿನಗೆ ಹೇಗೆ ತಿಳಿಯಿತು? ತಂದೆಯವರು ಮೊದಲು ಆಡಿದ ಮಾತೇನು?” ಎಂದು ಕೇಳಿದೆನು. ಅವನು ಹೇಳಿದ್ದನ್ನೇ ಬರೆಯಿಸಿದಾಗ ಪ್ರಬಂಧವು ಹೀಗಾಯಿತು:

‘ಅಮ್ಮ ಬಟ್ಟೆ ಒಗೆಯುವ ಕಲ್ಲು ಕಾಣಿಸಲಿಲ್ಲ. ಕೆಂಪು ನೀರಿನಲ್ಲಿ ಒಂದು ತೆಂಗಿನ ಮಡಲು ತಿರುತಿರುಗಿ ಹೋಗುತ್ತಿತ್ತು. ದೋಣಿಯವನೂ ಇರಲಿಲ್ಲ. ಅಪ್ಪ ಮೇಲಿನ ಸಂಕದ ದಾರಿಯಾಗಿ ಸುತ್ತಿ ಬಂದರು, ಮೊಣಕಾಲಿನವರೆಗೆ ಕೆಸರು.

“ಪುಸ್ತಕ ಚಂಡಿಯಾಯಿತಾ ಮಗಾ?”

“ಇಲ್ಲ ಅಪ್ಪಾ, ಅಂಗಿಯೊಳಗೆ ಇಟ್ಟಿದ್ದೇನೆ.”’

ಇಲ್ಲಿ ‘ಭಯ’, ‘ಪ್ರೀತಿ’ ಎಂಬ ಶಬ್ದಗಳಿಲ್ಲ. ಆದರೂ ಓದುಗನಿಗೆ ಎರಡೂ ತಿಳಿಯುತ್ತವೆ. ಮುಳುಗಿದ ಕಲ್ಲು ಭಯವನ್ನು ಹೇಳಿತು. ತಾನು ನೆನೆದು ಬಂದಿದ್ದರೂ ಪುಸ್ತಕವನ್ನು ವಿಚಾರಿಸಿದ ತಂದೆಯ ಮಾತು ಪ್ರೀತಿಯನ್ನು ಹೇಳಿತು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯಲ್ಲಿಯೂ ಚೋಮನ ದುಃಖ, ಸಿಟ್ಟುಗಳು ಅವನ ದುಡಿಯ ಬಡಿತದಲ್ಲಿಯೇ ನಮಗೆ ಕೇಳಿಸುತ್ತವೆ.

ಸಂಭಾಷಣೆಗೆ ನಮ್ಮಲ್ಲಿ ಒಳ್ಳೆಯ ಪಾಠಶಾಲೆಯೊಂದಿದೆ. ಅದು ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಈ ಕುಂಬಳೆ ಸೀಮೆಯಲ್ಲಿ ಅದನ್ನು ನೋಡದವರು ವಿರಳ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಂದಲೇ ಆಡುವ ಮಾತಿನಿಂದ ಕರ್ಣನೂ ಕೃಷ್ಣನೂ ಕಣ್ಣೆದುರಿಗೆ ಬರುತ್ತಾರೆ. ರಾವಣನೊಡನೆ ಅಂಗದನು ವಾದಿಸುವಂತೆ ವಿಭೀಷಣನು ವಾದಿಸಲಾರನು. ಆಡುವವನ ಸ್ವಭಾವಕ್ಕೆ ಒಪ್ಪುವುದು, ಎದುರಿನವನ ಮಾತಿಗೆ ಉತ್ತರವಾಗುವುದು, ಕಥೆಯನ್ನು ಒಂದು ಹೆಜ್ಜೆ ಮುಂದೊಯ್ಯುವುದು: ಈ ಮೂರೂ ಸಂಭಾಷಣೆಯ ಗುಣಗಳು. ಮಾತು ಬೆಳೆದು ಕಥೆ ನಿಂತರೆ ಸಭಿಕರು ಆಕಳಿಸುತ್ತಾರೆ, ಓದುಗರೂ ಹಾಗೆಯೇ. ಆದುದರಿಂದ ‘ಬಂದೆಯಾ?’, ‘ಬಂದೆ’, ‘ಕುಳಿತುಕೋ’ ಎಂಬಂಥವುಗಳನ್ನು ಬಿಟ್ಟುಬಿಡಿರಿ.

ಆ ತಂದೆಯ ‘ಚಂಡಿ’ ಎಂಬ ಮಾತನ್ನು ‘ಒದ್ದೆ’ ಎಂದು ತಿದ್ದಬೇಕೇ ಎಂದು ಹುಡುಗನು ಕೇಳಿದನು. ಬೇಡವೆಂದೆನು. ಕಥನದ ಭಾಷೆ ಗ್ರಾಂಥಿಕವಾಗಿರಲಿ. ಮಾತು ಮಾತ್ರ ಆಡಿದವರದಾಗಿಯೇ ಇರಲಿ. 1956ರಲ್ಲಿ ಕೇರಳಕ್ಕೆ ಸೇರಿದ ಈ ನಾಡಿನಲ್ಲಿ ಕನ್ನಡವು ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿದರೆ ಸೊರಗುತ್ತದೆ. ಮನೆಯ, ಹೊಳೆಯ, ತೋಟದ ಮಾತು ಮಕ್ಕಳ ಬರಹದೊಳಗೆ ಬಂದಾಗಲೇ ಅದಕ್ಕೆ ಉಸಿರು.

ಪೋಷಕರಲ್ಲಿ ಒಂದು ಬಿನ್ನಹ. ಸಂಜೆ ಮಕ್ಕಳೊಡನೆ, “ಇಂದು ಏನು ಓದಿದೆ?” ಎಂಬುದರ ಜೊತೆಗೆ, “ಏನು ಕಂಡೆ? ಯಾರು ಏನೆಂದರು?” ಎಂದೂ ಕೇಳಿರಿ. ಮನೆಮಾತು ತುಳುವಾಗಲಿ, ಮಲಯಾಳವಾಗಲಿ, ಕೊಂಕಣಿಯಾಗಲಿ, ಚಿಂತೆಯಿಲ್ಲ. ಕಂಡದ್ದನ್ನು ಕಂಡಂತೆ ಹೇಳಬಲ್ಲ ಮಗು ಅದನ್ನು ಕನ್ನಡದಲ್ಲಿ ಬರೆಯಲೂ ಬಲ್ಲುದು. ವಿದ್ಯಾರ್ಥಿಗಳೇ, ಮುಂದಿನ ಪ್ರಬಂಧದಲ್ಲಿ ಭೂದೇವಿಯ ಸೀರೆಯನ್ನು ಬಿಟ್ಟು ನಿಮ್ಮ ಹೊಳೆಯ ಕಲ್ಲನ್ನು ತೋರಿಸಿರಿ.